ಮಂಗಳಕ್ಕೂ ನಮಗೂ ಒಂದೇ ಇಂಟರ್ನೆಟ್ ಸಾಕಾ?

ಮಂಗಳನ ಮೇಲೆ ಒಂದು ಊರು ಎದ್ದಿದೆ ಅಂದುಕೊಳ್ಳಿ. ಐದು ಸಾವಿರ ಜನ, ಮನೆ, ಆಸ್ಪತ್ರೆ, ಶಾಲೆ. ಅಲ್ಲಿಗೆ ಜನ ಹೋಗುತ್ತಾರೋ ಇಲ್ಲವೋ ಅನ್ನುವ ಜಗಳ ಇವತ್ತು ಬೇಡ, ಹೋದರು ಅಂತಲೇ ಇಟ್ಟುಕೊಳ್ಳೋಣ. ಪ್ರಶ್ನೆ ಇಷ್ಟೇ. ನಾವೀಗ ಬಳಸುತ್ತಿರುವ ಇಂಟರ್ನೆಟ್ಟನ್ನೇ ಅಲ್ಲಿವರೆಗೂ ಎಳೆದು ಎರಡು ಗ್ರಹಕ್ಕೂ ಒಂದೇ ಬಲೆ ಮಾಡಬೇಕಾ, ಇಲ್ಲಾ ಅವರಿಗೆ ಅವರದೇ ಇಂಟರ್ನೆಟ್ ಇದ್ದು ನಡುವೆ ಬರೀ ಅಂಚೆ ಓಡಾಡಿದರೆ ಸಾಕಾ? ಎರಡೂ ಕಡೆಯಿಂದ ನಾನೇ ವಾದ ಮಾಡಿದ್ದೇನೆ. ಮೊದಲನೆಯದನ್ನು ಬರೆಯುವಾಗ ಅದೇ ಸರಿ ಅನಿಸಿತ್ತು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಪರ: ಒಂದೇ ಇರಲಿ

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಳ ಹಿಡಿಯಿತು. ಅಮ್ಮ ಸೌಟು ಕೈಯಲ್ಲಿ ಹಿಡಿದುಕೊಂಡೇ ಟೀವಿ ಮುಂದೆ ನಿಂತಿದ್ದಳು. ಮಂಗಳಯಾನ ಎಂಜಿನ್ ಉರಿಸಿ, ವೇಗ ತಗ್ಗಿಸಿಕೊಂಡು, ಮಂಗಳನ ಕಕ್ಷೆಗೆ ಸೇರಬೇಕಾದ ಹೊತ್ತು ಅದು. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಎಲ್ಲರೂ ಪರದೆ ನೋಡುತ್ತಾ ಕೂತಿದ್ದರು. ಆದರೆ ಆಗ ಅವರು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ನೌಕೆಯ ಸಿಗ್ನಲ್ ಇಲ್ಲಿಗೆ ಬರಲು ಸುಮಾರು 12 ನಿಮಿಷ, ಏನೋ ಎಡವಟ್ಟಾಗಿದೆ ಅಂತ ಗೊತ್ತಾಗಿ ಇಲ್ಲಿಂದ ಉತ್ತರ ಕಳಿಸಿದರೆ ಅದಕ್ಕೆ ಇನ್ನೊಂದು 12, ಮೇಲಿಂದ ನೌಕೆ ಬೇರೆ ಎಂಜಿನ್ ಉರಿಯುತ್ತಿರುವಾಗಲೇ ಮಂಗಳನ ಹಿಂದೆ ಮರೆಯಾಗಿತ್ತು. ಅದಕ್ಕೇ ಮಾಡಬೇಕಾದ್ದನ್ನೆಲ್ಲ ಕೆಲವು ದಿನ ಮೊದಲೇ ಕಳಿಸಿ, ನೌಕೆಯಲ್ಲೇ ಇರಿಸಿ, ಹೊತ್ತಿಗೆ ಸರಿಯಾಗಿ ತಾನೇ ಮಾಡಿಕೊಳ್ಳುವ ಹಾಗೆ ಬಿಟ್ಟಿದ್ದರು.

"ಅಂದ್ರೆ ಆಗ್ಲೇ ಆಗಿಹೋಗಿದೆ, ನಮಗಿನ್ನೂ ಗೊತ್ತಾಗಿಲ್ಲ ಅಷ್ಟೇ, ಅಲ್ವಾ?" ಅಂದಳು ಅಮ್ಮ. ಗ್ರಹದಿಂದ ಗ್ರಹಕ್ಕೆ ಮಾತಾಡುವ ಕಷ್ಟವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ನೋಡಿಲ್ಲ.

ಮಂಗಳ ತೀರಾ ಹತ್ತಿರ ಬಂದಾಗ ನಮ್ಮಿಂದ ಸುಮಾರು ಐದೂವರೆ ಕೋಟಿ ಕಿಲೋಮೀಟರ್. ದೂರ ಹೋದಾಗ 40 ಕೋಟಿ. ಬೆಳಕಿನ ವೇಗದಲ್ಲಿ ಹೋದರೂ ಒಂದು ಕಡೆಗೆ 3 ನಿಮಿಷದಿಂದ 22 ನಿಮಿಷ ಬೇಕು. ಎಷ್ಟು ದುಬಾರಿ ಪ್ಲಾನ್ ಹಾಕಿಸಿಕೊಂಡರೂ ಇದು ಕಮ್ಮಿ ಆಗುವುದಿಲ್ಲ. ನಮ್ಮ ಇಂಟರ್ನೆಟ್ಟಿಗೋ ಇಷ್ಟು ತಾಳ್ಮೆ ಇಲ್ಲ. ಟಿಸಿಪಿ ಅನ್ನುವ ಅದರ ಮೂಲ ಪದ್ಧತಿಯಲ್ಲಿ ಕೆಲಸ ಶುರುವಾಗುವ ಮೊದಲೇ ಎರಡು ಕಂಪ್ಯೂಟರ್‌ಗಳು "ಹಲೋ, ಇದೀಯಾ?" "ಇದೀನಿ, ಕೇಳಿಸ್ತಿದೆ" "ಸರಿ, ಶುರು ಮಾಡೋಣ" ಅಂತ ಮೂರು ಸಲ ಮಾತಾಡಿಕೊಳ್ಳಬೇಕು. ಲಿನಕ್ಸ್ ತಂತ್ರಾಂಶದ ಕಂಪ್ಯೂಟರ್ ಆದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಉತ್ತರ ಬರದೆ ಹೋದರೆ ಫೋನ್ ಇಟ್ಟುಬಿಡುತ್ತದೆ. ಮಂಗಳದಿಂದ "ಹಲೋ" ಬರುವಷ್ಟರಲ್ಲಿ ಇಲ್ಲಿ ಎದ್ದು ಹೋಗಿರುತ್ತಾರೆ.

ಹಾಗಂತ ಕೈಚೆಲ್ಲಬೇಕಾಗಿಲ್ಲ. ಈ ಟಿಸಿಪಿಯನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರೇ 1998ರಲ್ಲಿ ನಾಸಾದ ಜೆಟ್ ಪ್ರೊಪಲ್ಶನ್ ಲ್ಯಾಬ್ ಜನರ ಜೊತೆ ಕೂತು ಗ್ರಹಗಳ ನಡುವಿನ ಇಂಟರ್ನೆಟ್ ಹೇಗಿರಬೇಕು ಅಂತ ಯೋಚಿಸತೊಡಗಿದರು. ಅಲ್ಲಿಂದ ಬಂದದ್ದು ಬಂಡಲ್ ಪದ್ಧತಿ. ಹೇಳಬೇಕಾದ್ದನ್ನೆಲ್ಲ ಒಂದೇ ಗಂಟು ಕಟ್ಟಿ ಕಳಿಸುವುದು. ದಾರಿಯಲ್ಲಿ ಸಿಕ್ಕ ಪ್ರತಿ ನಿಲ್ದಾಣವೂ ಆ ಗಂಟನ್ನು ತನ್ನ ಹತ್ತಿರ ಇಟ್ಟುಕೊಂಡು, ಮುಂದಿನ ಕೊಂಡಿ ಸಿಕ್ಕ ಕೂಡಲೇ ದಾಟಿಸುವುದು. ಯಾವ ಉಪಗ್ರಹ ಯಾವ ಹೊತ್ತಿಗೆ ಯಾರ ನೆತ್ತಿ ಮೇಲೆ ಇರುತ್ತದೆ ಅನ್ನುವುದನ್ನು ಮೊದಲೇ ಲೆಕ್ಕ ಹಾಕಿಡಬಹುದು. ಹಳ್ಳಿ ಬಸ್ಸಿಗಿಂತ ನಂಬಿಕೆಯ ಟೈಮ್‌ಟೇಬಲ್ ಅದು.

ಬಸ್ಸು ಅಂದೆ ನೋಡಿ, ಅದು ಸುಮ್ನೆ ಹೋಲಿಕೆಗೆ ಹೇಳಿದ್ದಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಡಾಕ್‌ನೆಟ್ ಅನ್ನುವ ಪ್ರಯೋಗ ನಡೆದಿತ್ತು. ಹಳ್ಳಿಗಳಿಗೆ ಇಂಟರ್ನೆಟ್ ತಂತಿ ಇರಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಒಂದು ವೈಫೈ ಡಬ್ಬಿ ಕೂರಿಸಿದರು. ಬಸ್ಸು ಹಳ್ಳಿ ಹತ್ತಿರ ಬಂದಾಗ ಅಲ್ಲಿನ ಕಂಪ್ಯೂಟರ್ ತನ್ನ ಅರ್ಜಿಗಳನ್ನು ಆ ಡಬ್ಬಿಗೆ ತುಂಬುತ್ತಿತ್ತು, ಡಬ್ಬಿಯಲ್ಲಿದ್ದದ್ದನ್ನು ಇಳಿಸಿಕೊಳ್ಳುತ್ತಿತ್ತು. ಬಸ್ಸು ತಾಲ್ಲೂಕು ಕೇಂದ್ರ ತಲುಪಿದಾಗ ಅಲ್ಲಿ ಇದೇ ಕೆಲಸ ಉಲ್ಟಾ. ಸರ್ಕಾರದ "ಭೂಮಿ" ಯೋಜನೆಯ ಪಹಣಿ ದಾಖಲೆಗಳು ಹೀಗೆ ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ಗಾಳಿಯಲ್ಲಿ ಹತ್ತಿ ಇಳಿದವು. ಬಸ್ಸಿನ ಜಾಗದಲ್ಲಿ ಉಪಗ್ರಹ ಇಡಿ, ಅದೇ ಮಂಗಳನ ಇಂಟರ್ನೆಟ್.

ಇದು ಕಾಗದದ ಮೇಲಿನ ಮಾತಾಗಿಯೂ ಉಳಿದಿಲ್ಲ. 2008ರ ನವೆಂಬರ್‌ನಲ್ಲಿ ಮೂರು ಕೋಟಿ ಕಿಲೋಮೀಟರ್‌ಗೂ ಆಚೆ ಇದ್ದ ಎಪಾಕ್ಸಿ ನೌಕೆಯ ಜೊತೆ ನಾಸಾ ಈ ಪದ್ಧತಿಯಲ್ಲಿ ಚಿತ್ರಗಳನ್ನು ಕಳಿಸಿ ತರಿಸಿಕೊಂಡಿತು. 2012ರಲ್ಲಿ ಸುನಿತಾ ವಿಲಿಯಮ್ಸ್ ಬಾಹ್ಯಾಕಾಶ ನಿಲ್ದಾಣದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿದ್ದ ಲೆಗೊ ರೋಬೋ ಒಂದನ್ನು ಇದರ ಮೂಲಕವೇ ಓಡಿಸಿದರು. ಆಟಿಕೆಯಂತೆ ಕಾಣುವ ಆ ರೋಬೋ ನನಗೆ ಭಾರೀ ಇಷ್ಟ. ಮಂಗಳನ ಮೇಲೆ ಈಗಲೂ ಪರ್ಸಿವಿಯರೆನ್ಸ್, ಕ್ಯೂರಿಯಾಸಿಟಿ ರೋವರ್‌ಗಳು ಹೆಚ್ಚಿನದನ್ನು ನೇರ ಭೂಮಿಗೆ ಕಳಿಸುವುದಿಲ್ಲ. ಉಪಗ್ರಹ ತಲೆ ಮೇಲೆ ಹಾದುಹೋಗುವ ಕೆಲವೇ ನಿಮಿಷಗಳಲ್ಲಿ ಅದಕ್ಕೆ ದಾಟಿಸುತ್ತವೆ. ಅಮೆರಿಕದ ರೋವರ್ ಕೊಟ್ಟದ್ದನ್ನು ಯುರೋಪಿನ ಉಪಗ್ರಹವೂ ಹೊತ್ತು ತರುತ್ತದೆ.

ನನ್ನ ವಾದಕ್ಕೆ ಗಟ್ಟಿ ಆಧಾರ ಇದೇ. ಇಬ್ಬರೂ ಮೊದಲೇ ಒಂದು ಪದ್ಧತಿಗೆ ಒಪ್ಪಿಕೊಂಡಿದ್ದರು, ಅದಕ್ಕೇ ಆಯಿತು. ಮಂಗಳದವರು ತಮ್ಮ ಪಾಡಿಗೆ ತಾವು ಬೇರೆ ಇಂಟರ್ನೆಟ್ ಕಟ್ಟಿಕೊಂಡರೆ, ಚಂದ್ರನವರು ಇನ್ನೊಂದು ಕಟ್ಟಿಕೊಂಡರೆ, ಹಿಂದೆ ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಮೂಟೆ ಮೂಟೆ ಇಳಿಸಿ ಹತ್ತಿಸುತ್ತಿದ್ದರಲ್ಲ, ಆ ಪಾಡು ಬರುತ್ತದೆ. ಗೇಜ್ ಒಂದಾಗಿಸುವುದಕ್ಕೆ ನಮಗೆ ಎಷ್ಟು ದಶಕ ಹಿಡಿಯಿತು ಅಂತ ರೈಲಿನಲ್ಲಿ ಓಡಾಡಿದ ಹಿರಿಯರನ್ನು ಕೇಳಿ.

ಇನ್ನು "ತಡವಾದರೆ ಅದೆಂಥ ಇಂಟರ್ನೆಟ್" ಅನ್ನುವವರಿಗೆ ಒಂದು ಮಾತು. ನನ್ನ ತಂಗಿ ಅಮೆರಿಕದಲ್ಲಿದ್ದಾಳೆ. ಅಮ್ಮನಿಗೂ ಅವಳಿಗೂ ಫೋನಿನಲ್ಲಿ ಹೊತ್ತು ಹೊಂದುವುದೇ ಇಲ್ಲ. ಅಮ್ಮ ಸೊಪ್ಪು ಬಿಡಿಸುತ್ತಾ ಆರೇಳು ನಿಮಿಷದ ವಾಯ್ಸ್ ಮೆಸೇಜ್ ಹಾಕುತ್ತಾಳೆ, ನಡುವೆ ಕುಕ್ಕರ್ ಕೂಗುತ್ತದೆ, ಅವಳು ಎದ್ದ ಮೇಲೆ ಕೇಳಿ ತಾನೊಂದು ಹಾಕುತ್ತಾಳೆ. ನಡುವೆ ಎಂಟು ತಾಸು. ಮಂಗಳಕ್ಕೆ 22 ನಿಮಿಷ ಅಂದರೆ ಅಮ್ಮ "ಅಷ್ಟೇನಾ?" ಅಂದಾಳು. ಅದೇ ಆಪ್, ಅದೇ ಹೆಸರು, ಅದೇ ನಂಬರಿನಲ್ಲಿ ಮಗಳು ಸಿಗಬೇಕು, ಅಷ್ಟು ಸಾಕು ಅವಳಿಗೆ.

ವಿರೋಧ: ಬೇಡ, ಅವರದು ಅವರಿಗಿರಲಿ

ಅಮ್ಮನ ವಾಯ್ಸ್ ಮೆಸೇಜ್ ಮಂಗಳಕ್ಕೆ ಹೋಗುತ್ತದೆ, ಒಪ್ಪಿದೆ. ಆದರೆ ಅದು ಅಂಚೆ. ಅಂಚೆ ಓಡಾಡಬಾರದು ಅಂತ ಯಾರೂ ಹೇಳುತ್ತಿಲ್ಲ. ನಾವು ದಿನವಿಡೀ ಇಂಟರ್ನೆಟ್ಟಿನಲ್ಲಿ ಮಾಡುವ ಕೆಲಸದಲ್ಲಿ ಅಂಚೆಯ ಪಾಲು ಎಷ್ಟು ಅಂತ ನೋಡಿದರೆ ಕಥೆ ಬೇರೆ.

ಒಂದು ವೆಬ್ ಪುಟ ತೆಗೆಯುವುದನ್ನೇ ತೆಗೆದುಕೊಳ್ಳಿ. ಮೊದಲು ವಿಳಾಸ ಹುಡುಕಬೇಕು, ಆಮೇಲೆ ಆ "ಹಲೋ ಹಲೋ", ಆಮೇಲೆ ಮಾತು ಗುಟ್ಟಾಗಿರಲಿ ಅಂತ ಬೀಗದ ಕೈ ಅದಲುಬದಲು, ಕೊನೆಗೆ "ಪುಟ ಕೊಡು". ನಾಲ್ಕು ಸಲ ಹೋಗಿಬರುವ ಕೆಲಸ. ಒಂದು ಕಡೆಗೆ 20 ನಿಮಿಷ ಅಂತ ಹಿಡಿದರೂ ಮೊದಲ ಅಕ್ಷರ ಕಾಣುವಷ್ಟರಲ್ಲಿ 2 ಗಂಟೆ 40 ನಿಮಿಷ. ಅಷ್ಟರಲ್ಲಿ ಆ ಪುಟ "ಇನ್ನೂ ಹತ್ತು ಕಡೆಯಿಂದ ಸಾಮಾನು ತರಿಸಬೇಕು" ಅನ್ನುತ್ತದೆ. ಬಂಡಲ್ ಪದ್ಧತಿ ಇದ್ದರೂ ಈ ಪುಟಗಳನ್ನೆಲ್ಲ ಹೊಸದಾಗಿ ಬರೆಯದೆ ಗತಿ ಇಲ್ಲ. ಬ್ಯಾಂಕಿನ ಒಟಿಪಿ ಗೊತ್ತಲ್ಲ? ಕೆಲವೇ ನಿಮಿಷದಲ್ಲಿ ಅದರ ಆಯಸ್ಸು ಮುಗಿಯುತ್ತದೆ. ನಮ್ಮ ಮನೆ ಮಹಡಿಯಲ್ಲಿ ಸಿಗ್ನಲ್ ಹಿಡಿಯುವಷ್ಟರಲ್ಲೇ ನನಗೆ ಎಷ್ಟೋ ಸಲ ಮುಗಿದಿದೆ. ಮಂಗಳದವನಿಗೆ ಹುಟ್ಟುವ ಮೊದಲೇ ಸತ್ತ ಒಟಿಪಿಗಳೇ ಬರುತ್ತವೆ.

ಕೊಳವೆಯ ಗಾತ್ರವನ್ನೂ ನೋಡಿ. 2023ರ ಡಿಸೆಂಬರ್‌ನಲ್ಲಿ ಸೈಕಿ ನೌಕೆಯಿಂದ ನಾಸಾದವರು ಲೇಸರ್ ಕಿರಣದ ಮೂಲಕ ಒಂದು ಬೆಕ್ಕಿನ ವಿಡಿಯೋ ಕಳಿಸಿದರು. ಟೇಟರ್ಸ್ ಅಂತ ಅದರ ಹೆಸರು, ಸೋಫಾ ಮೇಲೆ ಲೇಸರ್ ಚುಕ್ಕಿ ಅಟ್ಟಿಸಿಕೊಂಡು ಹೋಗುವ ಬೆಕ್ಕು. 3.1 ಕೋಟಿ ಕಿಲೋಮೀಟರ್ ದೂರದಿಂದ ಸೆಕೆಂಡಿಗೆ 267 ಮೆಗಾಬಿಟ್. ಎಲ್ಲರೂ ಚಪ್ಪಾಳೆ ಹೊಡೆದೆವು, ಹೊಡೆಯುವಂಥದ್ದೇ. ಆದರೆ 2024ರ ಏಪ್ರಿಲ್‌ನಲ್ಲಿ ಅದೇ ನೌಕೆ 22.6 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾಗ ಸಿಕ್ಕದ್ದು 25 ಮೆಗಾಬಿಟ್. ಮಂಗಳ ಇದಕ್ಕಿಂತಲೂ ದೂರ ಹೋಗುತ್ತದೆ. ಆ 25ನ್ನು ಐದು ಸಾವಿರ ಜನಕ್ಕೆ ಹಂಚಿ. ತಲೆಗೆ 5 ಕಿಲೋಬಿಟ್ ಬರುತ್ತದೆ. ಕೀಂಯ್ ಅಂತ ಕಿರುಚಿಕೊಂಡು ಕನೆಕ್ಟ್ ಆಗುತ್ತಿದ್ದ ಹಳೆಯ ಮೊಡೆಮ್ಮಿನ 56 ಇದರ ಮುಂದೆ ರಾಜ. ನಾಳೆ ಇದು ಹತ್ತು ಪಟ್ಟು ಆಗಲಿ, ಆಗಲೂ ಸರದಿ ತಪ್ಪುವುದಿಲ್ಲ, ಸರದಿ ಅಂದ ಮೇಲೆ ಯಾರು ಮೊದಲು ಅಂತ ತೀರ್ಮಾನ ಮಾಡುವವನು ಒಬ್ಬ ಇದ್ದೇ ಇರುತ್ತಾನೆ, ಅವನು ಯಾವ ಗ್ರಹದ ಕಚೇರಿಯಲ್ಲಿ ಕೂತಿರುತ್ತಾನೆ ಅನ್ನುವುದನ್ನು ಒಂದೇ ಇಂಟರ್ನೆಟ್ ಅನ್ನುವವರು ಹೇಳುವುದೇ ಇಲ್ಲ.

ಇಲ್ಲೇ ನನಗೆ ದೊಡ್ಡಬಳ್ಳಾಪುರದ ಬಸ್ಸು ಮತ್ತೆ ನೆನಪಾಗುವುದು. ಅಷ್ಟು ಖುಷಿಯಿಂದ ಆ ಉದಾಹರಣೆ ಕೊಟ್ಟವನು ನಾನೇ. ಆದರೆ ಆ ಬಸ್ಸು ಹೊತ್ತು ತರುತ್ತಿದ್ದದ್ದು ಪಹಣಿಯ ಪ್ರತಿ. ಅಸಲು ದಾಖಲೆ ಇದ್ದದ್ದು ತಾಲ್ಲೂಕು ಕೇಂದ್ರದಲ್ಲಿ. ಹಳ್ಳಿಯವನು ಕೇಳುವವನು, ತಾಲ್ಲೂಕಿನವನು ಕೊಡುವವನು. ಬಸ್ಸು ಕೆಟ್ಟು ನಿಂತರೆ ಅಸಲಿಗೆ ಏನೂ ಆಗುವುದಿಲ್ಲ, ಹಳ್ಳಿಯವನ ಕೆಲಸ ನಿಲ್ಲುತ್ತದೆ. ಎರಡು ಗ್ರಹಕ್ಕೂ ಒಂದೇ ಬಲೆ ಹಾಸಿದಾಗ ಸರ್ವರ್‌ಗಳು, ಕಂಪನಿಗಳು, ಹಣ, ಹೆಸರು ಹಂಚುವ ಅಧಿಕಾರ ಎಲ್ಲ ಇಲ್ಲೇ ಇರುತ್ತವೆ. ಶುರುವಿನಲ್ಲಿ ಬೇರೆ ದಾರಿಯೂ ಇರುವುದಿಲ್ಲ. ತಾಲ್ಲೂಕು ಕಚೇರಿ ಯಾವಾಗಲೂ ಭೂಮಿಯೇ.

ಅಸಲನ್ನು ಎರಡೂ ಕಡೆ ಇಟ್ಟರಾಯಿತಲ್ಲ ಅನ್ನಬಹುದು. ಇಟ್ಟು ನೋಡಿ. ಮಂಗಳದಲ್ಲಿ ಮನೆ ಕಟ್ಟುವ ಒಂದು ಸೈಟನ್ನು ಅಲ್ಲಿರುವ ಅಣ್ಣ ಹತ್ತು ಗಂಟೆಗೆ ಮಾರುತ್ತಾನೆ. ಭೂಮಿಯಲ್ಲಿರುವ ತಮ್ಮ ಹತ್ತು ಗಂಟೆ ಐದು ನಿಮಿಷಕ್ಕೆ ಅದನ್ನೇ ಇನ್ನೊಬ್ಬನಿಗೆ ಮಾರುತ್ತಾನೆ. ಎರಡೂ ಪುಸ್ತಕದಲ್ಲಿ ಖಾತೆ ಬದಲಾಗುತ್ತದೆ, ಇಪ್ಪತ್ತು ನಿಮಿಷದ ಮೇಲೆ ಎರಡೂ ಸುದ್ದಿ ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿ ಮುಟ್ಟುತ್ತವೆ. ಅಷ್ಟರಲ್ಲಿ ಮುಂಗಡದ ಹಣ ಇಬ್ಬರ ಕೈಲೂ ಇದೆ. ನಮ್ಮಲ್ಲಿ ಅಕ್ಕಪಕ್ಕದ ಬೀದಿಯಲ್ಲಿದ್ದುಕೊಂಡೇ ಅಣ್ಣತಮ್ಮಂದಿರು ಇದನ್ನು ಮಾಡುತ್ತಾರೆ, ಇನ್ನು ಬೆಳಕೇ ತಡವಾಗಿ ಬರುವ ಕಡೆ ಕೇಳಬೇಕಾ? ತಡೆಯಬೇಕಾದರೆ ಪುಸ್ತಕ ಒಂದೇ ಕಡೆ ಇರಬೇಕು. ಮಂಗಳದ ಸೈಟಿನ ಪುಸ್ತಕ ಮಂಗಳದಲ್ಲೇ ಇರಬೇಕು.

ಸೂರ್ಯನ ಕಾಟ ಬೇರೆ. ಸುಮಾರು 26 ತಿಂಗಳಿಗೊಮ್ಮೆ ಭೂಮಿ ಮತ್ತು ಮಂಗಳದ ನಡುವೆ ಅವನು ಅಡ್ಡ ಬರುತ್ತಾನೆ. ಎರಡು ವಾರ ಹೊತ್ತು ನಾಸಾ ತನ್ನ ನೌಕೆಗಳಿಗೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ, ಅರ್ಧಂಬರ್ಧ ಕೇಳಿಸಿದ ಆದೇಶ ಕೇಳಿಸದ್ದಕ್ಕಿಂತ ಅಪಾಯ ಅಂತ. ನಮ್ಮ ಮಂಗಳಯಾನವೂ 2015ರ ಜೂನ್‌ನಲ್ಲಿ ಹೀಗೇ ಒಂಟಿಯಾಗಿ ಕಾಲ ಕಳೆಯಿತು. ಪಕ್ಕಕ್ಕೆ ಸರಿದು ನಿಲ್ಲುವ ಒಂದು ಉಪಗ್ರಹ ಇಟ್ಟರೆ ಸುತ್ತಿಕೊಂಡು ಮಾತಾಡಬಹುದು, ನಿಜ. ಆದರೂ ಆಸ್ಪತ್ರೆಯ ಡಾಕ್ಟರಿಗೆ ರೋಗಿಯ ಹಳೆ ರಿಪೋರ್ಟ್ ತೆಗೆಯಲು ಭೂಮಿಯ ಲಾಗಿನ್ ಬೇಕು ಅನ್ನುವ ವ್ಯವಸ್ಥೆಯನ್ನು ಯಾರಾದರೂ ಕಟ್ಟಿದರೆ, ಆ ಒಂದು ಉಪಗ್ರಹ ಕೆಟ್ಟ ದಿನ ಏನಾಗುತ್ತದೆ ಯೋಚಿಸಿ. ನೌಕೆಯನ್ನು ಅದರ ಪಾಡಿಗೆ ತಾನೇ ನಡೆದುಕೊಳ್ಳುವ ಹಾಗೆ ಮಾಡಿ ಬಿಟ್ಟವರು ನಾವು. ಊರಿಗೆ ಯಾಕೆ ಬೇಡ?

ಗೇಜಿನ ಮಾತಿಗೆ ಮಾತ್ರ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಗಂಟು ಕಟ್ಟುವ ರೀತಿ ಎಲ್ಲ ಗ್ರಹಕ್ಕೂ ಒಂದೇ ಇರಬೇಕು, ಅದರಲ್ಲಿ ತಕರಾರಿಲ್ಲ. ಗಂಟಿನ ಒಳಗೆ ಏನಿರಬೇಕು, ಮನೆಗೆ ತಂದು ಬಿಚ್ಚಿದ ಮೇಲೆ ಏನು ಮಾಡಬೇಕು ಅನ್ನುವುದು ಅವರವರ ಊರಿನ ವಿಷಯ. ಮಂಗಳದಲ್ಲಿ ಅವರದೇ ಹುಡುಕಾಟ, ಅವರದೇ ಬ್ಯಾಂಕು, ಅವರದೇ ಒಟಿಪಿ ಇರಲಿ. ಕನ್ನಡ ವಿಕಿಪೀಡಿಯದ ಒಂದು ಪ್ರತಿಯನ್ನು ಹೊರಡುವಾಗಲೇ ಡಿಸ್ಕಿನಲ್ಲಿ ಹಾಕಿಕೊಂಡು ಹೋಗಲಿ, ತಿದ್ದಿದ್ದಷ್ಟನ್ನು ರಾತ್ರಿ ಹೊತ್ತು ಕಳಿಸೋಣ. ನೀರಿನ ಲೆಕ್ಕ, ಗಾಳಿಯ ಲೆಕ್ಕ, ಆಸ್ಪತ್ರೆ ಕಡತ, ಸೈಟಿನ ಪುಸ್ತಕ ಎಲ್ಲದರ ಅಸಲು ಅಲ್ಲೇ ಇರಲಿ. ನಮಗೆ ನಕಲು ಬಂದರೆ ಸಾಕು, ಅದೂ ಅಮ್ಮನ ಮೆಸೇಜ್ ಹತ್ತಿದ ಮೇಲೆ ಬಸ್ಸಿನಲ್ಲಿ ಜಾಗ ಉಳಿದಿದ್ದರೆ.