ಬೆರಳಿಗೆ ಸಿಗದ ತೂತು ಯಾರಿಗಾಗಿ?

ಹುಲುಸಿ ಅನ್ನೋ ಚೀನಾದ ಊದುವ ವಾದ್ಯ ನೋಡಿದವರು ಮೊದಲು ಕೇಳೋದೇ ‘ಇದು ಪುಂಗಿ ಅಲ್ವಾ?’ ಅಂತ. ದಾವಣಗೆರೆಯ ನಮ್ಮ ಭಜನೆ ಗುಂಪಿನಲ್ಲೂ ಅದೇ ಆಯ್ತು. ಸೋರೆಬುರುಡೆ ಇದೆ, ಕೆಳಗೆ ಕೊಳವೆ ಇದೆ, ಹಾಗನ್ನಿಸೋದು ಸಹಜ. ಆದರೆ ಪುಂಗಿಯ ನಾಲಿಗೆ ಅಂಚಿಗೆ ಬಡಿದು ಸದ್ದು ಮಾಡುತ್ತದೆ. ಹುಲುಸಿಯ ಲೋಹದ ಪಟ್ಟಿ ಕಿಂಡಿಯೊಳಗೆ ಎಲ್ಲೂ ತಾಗದೆ ಆಡುತ್ತದೆ. ಅದು ಫ್ರೀ ರೀಡ್. ನಮ್ಮ ಹಾರ್ಮೋನಿಯಂ ಕೂಡ ಅದೇ ಬಳಗ.

ನನ್ನ ತಕರಾರು ರೀಡ್ ಬಗ್ಗೆ ಅಲ್ಲ, ತೂತುಗಳ ಬಗ್ಗೆ. ಸಣ್ಣ ಹುಲುಸಿ ಕೈಗೆ ಹಿತವಾಗಿಯೇ ಇರುತ್ತದೆ. ಮಂದ್ರ ಶ್ರುತಿಯ ದೊಡ್ಡದು ತರಿಸಿದರೆ ಬಲಗೈ ಉಂಗುರ ಬೆರಳು ಕೊನೆ ತೂತಿಗೆ ಎಟುಕುವುದೇ ಇಲ್ಲ. ಎಳೆದು ಮುಚ್ಚಿದರೆ ಮೇಲಿನ ತೂತು ಬಿಟ್ಟುಕೊಳ್ಳುತ್ತದೆ. ಕೂದಲೆಳೆಯಷ್ಟು ಸಂದಿ ಸಾಕು, ಸ್ವರ ಕೆಡುತ್ತದೆ. ‘ಅಭ್ಯಾಸ ಮಾಡಿ, ಬೆರಳು ಹಿಗ್ಗುತ್ತದೆ’ ಅನ್ನೋದು ಮಾರುವವರ ಉತ್ತರ. ನಾನು ಒಪ್ಪಲ್ಲ.

ಕೊಳಲಲ್ಲಾದರೆ ಜೋರಾಗಿ ಊದಿ ಅದೇ ತೂತುಗಳಿಂದ ಮೇಲಿನ ಸಪ್ತಕ ಹಿಡಿಯಬಹುದು. ಇಲ್ಲಿ ಆ ಆಟ ನಡೆಯಲ್ಲ. ಮುಂದೆ ಆರು, ಹೆಬ್ಬೆರಳಿಗೆ ಹಿಂದೆ ಒಂದು, ಸಿಗೋದು ಸುಮಾರು ಒಂಬತ್ತು ಸ್ವರ. ಅದರಲ್ಲಿ ಒಂದು ತೂತು ಕೈಗೆ ಸಿಗದಿದ್ದರೆ ನಷ್ಟ ಸಣ್ಣದಲ್ಲ.

ಲಾವೋಸ್‌ನ ಖೇನ್ ನೋಡಿ, ಅದೂ ಫ್ರೀ ರೀಡ್ ಇರುವ, ಬಿದಿರು ಕೊಳವೆಗಳ ವಾದ್ಯ. 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಇದರ ಸಂಗೀತವೇ. ಸಾಮಾನ್ಯವಾಗಿ ಹದಿನಾರು ಕೊಳವೆ, ಕೆಲವು ಆಳೆತ್ತರ. ಆದರೂ ಬೆರಳು ಒದ್ದಾಡಲ್ಲ. ಅಲ್ಲಿ ಕೊಳವೆಗೊಂದು ಸ್ವರ. ಬೆರಳಿನ ತೂತು ಮುಚ್ಚಿದರೆ ನುಡಿಯುತ್ತದೆ, ತೆರೆದರೆ ಸುಮ್ಮನಾಗುತ್ತದೆ. ಶ್ರುತಿ ಕೂರಿಸುವ ಕಿಂಡಿ ಬೇರೆಯೇ ಇರುತ್ತದೆ. ಹಾಗಾಗಿ ಬೆರಳಿನ ತೂತು ಕೈ ಹತ್ತಿರ ಇರಬಹುದು. ಇದೇ ಬಗೆಯ ಚೀನಾದ ವಾದ್ಯ ಶೆಂಗ್‌ನಲ್ಲಿ ತೋರುಬೆರಳನ್ನು ಕೊಳವೆಗಳ ಸಂದಿಗೇ ತೂರಿಸಬೇಕು. ನೋಡೋಕೆ ವಿಚಿತ್ರ, ಆದರೆ ತೂತು ಸಿಗುತ್ತದೆ!

ಹುಲುಸಿಯಲ್ಲಿ ಸ್ವರ ತೀರ್ಮಾನ ಮಾಡೋದು ತೂತಿನ ಜಾಗವೇ, ನಿಜ. ಆದರೆ ಜಾಗ ಒಂದೇ ಅಲ್ಲ, ಗಾತ್ರವೂ ಸೇರುತ್ತದೆ. ತೂತನ್ನು ಸ್ವಲ್ಪ ಮೇಲೆ ತಂದರೆ ಸ್ವರ ಏರುತ್ತದೆ, ಕಿರಿದು ಮಾಡಿದರೆ ಇಳಿಯುತ್ತದೆ. ಎರಡನ್ನೂ ತೂಗಿಸಬಹುದು. ಧ್ವನಿ ಒಂಚೂರು ಮಂಕಾಗುತ್ತದೆ, ಆಗಲಿ ಬಿಡಿ. ಇನ್ನು ಪಕ್ಕಕ್ಕೆ ಸರಿಸಿದರೆ ಶ್ರುತಿಗೆ ಏನೂ ಆಗಲ್ಲ. ಉಂಗುರ ಬೆರಳಿನ ತೂತನ್ನು ನೇರ ಸಾಲು ಬಿಟ್ಟು ಅರ್ಧ ಬೆರಳಿನಷ್ಟು ಓರೆಗೆ ಕೊರೆದರೆ ಖರ್ಚೂ ಜಾಸ್ತಿ ಇಲ್ಲ. ಆದರೂ ಸಾಲು ನೇರ ಕಾಣಬೇಕಂತೆ, ಫೋಟೋಗೆ.

ಜಾಹೀರಾತಿನಲ್ಲಿ ಕೆಂಪು ಕುಚ್ಚು, ಕೆತ್ತನೆ, ಪೆಟ್ಟಿಗೆ ಎಲ್ಲದರ ವಿವರ ಇರುತ್ತದೆ. ತೂತಿನಿಂದ ತೂತಿಗೆ ಎಷ್ಟು ಮಿಲಿಮೀಟರ್ ಅಂತ ಮಾತ್ರ ಇರಲ್ಲ. ತರಿಸುವ ಮುಂಚೆ ಅದನ್ನೇ ಕೇಳಿ. ಹೇಳದಿದ್ದರೆ ದುಡ್ಡು ಹಾಕಬೇಡಿ.

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆ ಬಿದಿರು ಕೊಳಲು ಮಾಡುವವರು ಯಾರಾದ್ರೂ ಗೊತ್ತಿದ್ದರೆ ತಿಳಿಸಿ. ರೀಡ್ ಹಾಗೇ ಇಟ್ಟುಕೊಂಡು ಕೊಳವೆ ಮಾತ್ರ ನನ್ನ ಕೈ ಅಳತೆಗೆ ಮಾಡಿಸಬೇಕು.