ಇನ್ನಾ ಎಷ್ಟು ಗದ್ದಲ ಮಾಡಬೇಕ್ರಿ?

ಮುಂಜಾನೆಯಿಂದ ಮನೆಯಲ್ಲಿ ಯಾರು ಏನು ಹೇಳಿದರೂ ನಾನು "ಹಾಂ?" ಅನ್ನುತ್ತಿದ್ದೇನೆ. ಇದು ನನ್ನ ಹಳೇ ನಾಟಕವೇ ಇರಬೇಕೆಂದು ಹೆಂಡತಿ ಮೊದಲು ನಂಬಲಿಲ್ಲ. ಕುಕ್ಕರ್ ಕಡೆ ಲಕ್ಷ್ಯ ಇಡಲು ಹೇಳಿ ಮಾಳಿಗೆಗೆ ಬಟ್ಟೆ ಹಾಕಲು ಹೋದಳು. ಬರುವಷ್ಟರಲ್ಲಿ 2019ರಲ್ಲಿ ಜಿ.ಐ. ಟ್ಯಾಗ್ ಪಡೆದ ನಮ್ಮ ಕಲಬುರಗಿ ತೊಗರಿ ಬ್ಯಾಳಿ, ಜಿಲ್ಲೆಯ ಮರ್ಯಾದೆ ಸಮೇತ ತಳ ಹಿಡಿದಿತ್ತು. "ಸೀಟಿ ಎಣಸಲಿಲ್ಲೇನು?" ಅಂದಳು. ನಿನ್ನೆ ರಾತ್ರಿಯಿಂದ ನನ್ನ ಎಡಗಿವಿಯೊಳಗೆ ಒಂದು ಸೀಟಿ ನಿಲ್ಲದೆ ಹೊಡೆದುಕೊಳ್ಳುತ್ತಿದೆ. ಅದರಲ್ಲಿ ಕುಕ್ಕರಿನದು ಯಾವುದು, ನನ್ನದು ಯಾವುದು ಅಂತ ಬೇರೆ ಮಾಡುವುದು ಹೇಗೆ?

ಇದಕ್ಕೆಲ್ಲ ಕಾರಣ ನಮ್ಮ ಸಾವಕಾರ. ಹುಟ್ಟಾ ಸಾವಕಾರನೇನಲ್ಲ, ದಾಲ್‌ಮಿಲ್ ಇದೆ ಅಂತ ನಾವಿಟ್ಟ ಹೆಸರು. ಅವನ ಮಗ ಓದುವ ಕಾಲೇಜಿನ ಉತ್ಸವಕ್ಕೆ ಬೆಂಗಳೂರಿನಿಂದ ರಾಕ್ ಬ್ಯಾಂಡ್ ಬರುವುದಿತ್ತು. ಹುಡುಗ ಅಪ್ಪನ ಕಾಟ ತಾಳದೆ ಪಾಸು ತಂದುಕೊಟ್ಟ. ನಮಗೆ, ಅಂದರೆ ಸಾವಕಾರ, ವಕೀಲ, ಮಾಸ್ತರ ಮತ್ತು ನನಗೆ. ನಾನು ಒಲ್ಲೆ ಅಂದೆ. ಮದುವೆ ಮೆರವಣಿಗೆಯ ಡಿಜೆ ಗಾಡಿ ಬಂದರೆ ನಾನು ಓಣಿ ಬದಲಿಸುವ ಮನುಷ್ಯ. "ಲೇ, ಐವತ್ತಾದ ಮ್ಯಾಲ ಹಿಂಗ ಮನ್ಯಾಗ ಕುಂತ್ರ ಗ್ವಾಡಿಗೆ ಹತ್ತಿ ಹೋಗ್ತೀದಿ, ನಡಿ" ಅಂದ ಸಾವಕಾರ. ಫುಕ್ಕಟ್ ಪಾಸು ಹಾಳು ಮಾಡುವುದು ನಮ್ಮ ನಾಲ್ವರಲ್ಲಿ ಯಾರಿಗೂ ಆಗುವ ಕೆಲಸವಲ್ಲ, ಹೊರಟೆವು.

ಗೇಟಿನಲ್ಲಿ ಸಾವಕಾರನ ಮಗ ಕಾಯುತ್ತಿದ್ದ. ಸ್ವಾಗತಕ್ಕಲ್ಲ. "ಅಪ್ಪಾ, ನೀವು ಆ ಕಡಿ ನಿಂದ್ರಿ. ನಮ್ಮ ದೋಸ್ತರ ಮುಂದ ಮಾತಾಡಸಬ್ಯಾಡ್ರಿ" ಎಂದು ಹೇಳಿ ಮಾಯವಾದ.

ಪಾಸಿನ ಮೇಲೆ ಆರು ಗಂಟೆ ಎಂದಿತ್ತು. ಮಾರ್ಚ್ ತಿಂಗಳ ಕಲಬುರಗಿ ನಿಮಗೆ ಗೊತ್ತೇ ಇದೆ. ಹಗಲೆಲ್ಲ ಕಾದ ಶಹಾಬಾದಿ ಫರ್ಸಿ ಕಲ್ಲು ದೀಪ ಹಚ್ಚುವ ಹೊತ್ತಿಗೂ ಚಪ್ಪಲಿ ದಾಟಿ ಅಂಗಾಲಿಗೆ ಬಿಸಿ ಮುಟ್ಟಿಸುತ್ತಿತ್ತು. ಮುಖ್ಯ ಅತಿಥಿಗಳು ಬಂದದ್ದೇ ಏಳೂವರೆಗೆ. ಆಮೇಲೆ ದೀಪ, ಶಾಲು, ಹಾರ, ನೆನಪಿನ ಕಾಣಿಕೆ, ಹಾರ ಹಾಕಿದವರಿಗೆ ಹಾರ. ವಂದನಾರ್ಪಣೆ ಶುರುವಾದಾಗ ಹುಡುಗರೆಲ್ಲ ಸೀಟಿ ಹೊಡೆದು ಕೂಗಿದರು. ಸ್ಟೇಜಿನ ಎರಡೂ ಬದಿ ಗೋಡೆಯೆತ್ತರ ಪೇರಿಸಿದ ಕರೀ ಸ್ಪೀಕರುಗಳನ್ನು ನೋಡುತ್ತ ನಿಂತ ನಾನು ಮಾತ್ರ, ಜೀವಮಾನದಲ್ಲಿ ಮೊದಲ ಸಲ, ಈ ವಂದನಾರ್ಪಣೆ ಇನ್ನಷ್ಟು ಲಂಬಾಗಲಿ ಎಂದು ಶರಣಬಸಪ್ಪನಲ್ಲಿ ಬೇಡಿಕೊಂಡೆ.

ಬೇಡಿಕೆ ಮುಟ್ಟಲಿಲ್ಲ. ಬ್ಯಾಂಡ್ ಶುರುವಾಯಿತು.

ಕಿವಿಗೆ ಬಂದದ್ದು ಆಮೇಲೆ, ಮೊದಲು ಎದೆಗೆ ಬಂತು. ಒಳಗೆ ಯಾರೋ ಒಳ್ಳು ಇಟ್ಟುಕೊಂಡು ಖಾರ ಕುಟ್ಟಿದ ಹಾಗೆ. ಅಂಗಿಯ ಗುಂಡಿ ನಡುಗುತ್ತಿತ್ತು, ವಕೀಲನ ಚಷ್ಮಾ ಮೂಗಿನ ಮೇಲೆ ತಾನಾಗೇ ಕೆಳಗಿಳಿಯುತ್ತಿತ್ತು. ಅವನು ಸುಮ್ಮನಿರುವ ಪೈಕಿಯಲ್ಲ. ಫೋನಿನಲ್ಲಿ ಸದ್ದು ಅಳೆಯುವ ಆಪ್ ತೆಗೆದು ನೋಡಿದ, ಮುಳ್ಳು ನೂರು ಡೆಸಿಬಲ್ ದಾಟಿತ್ತು. ಮಾತು ಕೇಳದ ಕಾರಣ ಪರದೆಯ ಮೇಲೆ ಟೈಪ್ ಮಾಡಿ ನಮಗೆಲ್ಲ ಹಿಡಿದ: "2000ರ ನಿಯಮ. ವಸತಿ ಪ್ರದೇಶ. ಹಗಲು 55, ರಾತ್ರಿ 45." ಮಾಸ್ತರ ಅದನ್ನು ಓದಿ, ತನ್ನ ಫೋನಿನಲ್ಲಿ ಉತ್ತರ ಟೈಪ್ ಮಾಡಿದ: "ಯಾರ್ದು ಬ್ಯಾಟಿಂಗ್?"

ಹಾಡುವ ಹುಡುಗ ಎರಡು ಹಾಡಿಗೊಮ್ಮೆ "ಹಲೋ ಗುಲ್ಬರ್ಗಾ! ಮೇಕ್ ಸಮ್ ನಾಯ್ಸ್!" ಅನ್ನುತ್ತಿದ್ದ. 2014ರಲ್ಲೇ ಊರಿನ ಹೆಸರು ಕಲಬುರಗಿ ಆಗಿದೆ ತಮ್ಮಾ, ಇರಲಿ. ಗದ್ದಲ ಮಾಡಿ ಎಂದು ನಮ್ಮೂರವರಿಗೆ ಹೇಳಿಕೊಡಬೇಕೇ? ಒಂದು ಸಂಜೆ ಸೂಪರ್ ಮಾರ್ಕೆಟ್ಟಿನಲ್ಲಿ ನಿಂತು ನೋಡಲಿ. ಹುಡುಗರು ಗಂಟಲು ಹರಿಯುವಂತೆ ಒದರಿದರೂ ಅವನು ಕೈಯನ್ನು ಕಿವಿಗೆ ಹಚ್ಚಿ "ಕೇಳಿಸ್ತಿಲ್ಲ!" ಅನ್ನುವನು. ಹೇಗೆ ಕೇಳಿಸೀತು? ದೊಡ್ಡ ಪರದೆಯ ಮೇಲೆ ಅವನ ಮುಖ ಬಂದಾಗ ನೋಡಿದೆ, ಎರಡೂ ಕಿವಿಗೆ ಬಿರಡೆ ಹಾಕಿಕೊಂಡಿದ್ದಾನೆ! ಡ್ರಮ್ ಬಾರಿಸುವವನಿಗೂ ಅದೇ. ತಮ್ಮ ಹಾಡನ್ನು ತಮಗೆ ಬೇಕಾದಷ್ಟೇ ಕೇಳಿಕೊಳ್ಳಲು, ಹೊರಗಿನ ಸದ್ದು ತಡೆಯಲು ಇವರೆಲ್ಲ ಹಾಗೆ ಹಾಕಿಕೊಳ್ಳುತ್ತಾರಂತೆ. ಅಡುಗೆ ಮಾಡಿದವನು ತಾನು ಉಣ್ಣದೆ ನಮಗೆ ಬಡಿಸುವ ಈ ನ್ಯಾಯ ನನಗಿನ್ನೂ ಅರಗಿಲ್ಲ. ನೂರು ಡೆಸಿಬಲ್ಲಿಗೆ ಸುಮಾರು ಕಾಲು ಗಂಟೆಯಷ್ಟೇ ಕಿವಿ ಕ್ಷೇಮ ಎಂದು ಅಮೆರಿಕದ ಒಂದು ಸರ್ಕಾರಿ ಸಂಸ್ಥೆ ಲೆಕ್ಕ ಹಾಕಿದೆ, ಮುಂಜಾನೆ ಓದಿದೆ. ಒಳಗಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಜೀವಕೋಶಗಳಿವೆಯಂತೆ, ಸತ್ತರೆ ಮನುಷ್ಯನಿಗೆ ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತವೆ. ಪಾಸು ಕೋಳಿಗೆ ಕೊಡಬೇಕಿತ್ತು.

ಇಷ್ಟೆಲ್ಲ ಸಹಿಸಬಹುದಿತ್ತು, ಸಾವಕಾರನ ವಿಡಿಯೋ ಕಾಲ್ ಒಂದು ಇರದಿದ್ದರೆ.

ಕಣ್ಣಿಗೆ ಬಿದ್ದದ್ದನ್ನೆಲ್ಲ ಬಳಗಕ್ಕೆ ತೋರಿಸದಿದ್ದರೆ ಅವನಿಗೆ ನಿದ್ದೆ ಹತ್ತುವುದಿಲ್ಲ. ಗಂಜ್ ಮಾರ್ಕೆಟ್ಟಿನ ತೊಗರಿ ರಾಶಿ, ಅಂಗಡಿಯ ಹೊಸ ತಕ್ಕಡಿ, ಒಮ್ಮೆ ನನ್ನ ಹಲ್ಲಿನ ಬಾವು, ಎಲ್ಲ ತೋರಿಸಿದ್ದಾನೆ. ನಿನ್ನೆ ಸೌಂಡ್ ಚೆಕ್ ನಡೆದಾಗಲೇ ಆಳಂದ ತಾಲೂಕಿನ ಊರಲ್ಲಿರುವ ಅವ್ವನಿಗೆ ಹಚ್ಚಿದ. ಒಬ್ಬ ಹುಡುಗ ಮೈಕಿನಲ್ಲಿ "ಚೆಕ್, ಚೆಕ್, ಹಲೋ" ಅನ್ನುತ್ತಿದ್ದ. ಅವ್ವ ಸ್ವಲ್ಪ ಹೊತ್ತು ಕೇಳಿ "ಚಲೋ ಹಾಡ್ತಾನಪ್ಪಾ, ತಿಳೀತದ" ಅಂದರು. ಆಮೇಲಿನದಕ್ಕೆ ಹೋಲಿಸಿದರೆ ಆ ಮಾತು ಖರೆ.

ನಿಜವಾದ ಹಾಡು ಕಿವಿ ಹರಿಯುತ್ತಿದ್ದಾಗ ಮತ್ತೆ ಹಚ್ಚಿದ. ಅವ್ವ ಫೋನ್ ಹಿಡಿಯುವ ರೀತಿ ಹೇಗೆಂದರೆ ಪರದೆಯ ಕೆಳಗೆ ಅವರ ಹಣೆ, ವಿಭೂತಿಯ ಮೂರು ಗೆರೆ, ಮೇಲೆಲ್ಲ ತಿರುಗುವ ಫ್ಯಾನು. ಸಾವಕಾರ ಏನೋ ಒದರಿ, ಫೋನನ್ನು ಕಿವಿಗೆ ಒತ್ತಿ, ಅವ್ವನಿಗೆ ತನ್ನ ಕಿವಿಯ ದರ್ಶನ ಮಾಡಿಸಿ, ಮತ್ತೆ ಒದರಿ, ಕೊನೆಗೆ ಸೋತು ಫೋನನ್ನು ನನ್ನ ಕೈಗೆ ಕೊಟ್ಟ. ಹಿರಿಯರು, ಫೋನ್ ಕಟ್ ಮಾಡಲು ಬರುತ್ತದೆಯೇ? ನಾನು ನಮಸ್ಕಾರ ಮಾಡಿದೆ. ಹಣೆ ಅಲ್ಲಾಡಿತು. ಅಂದರೆ ಏನೋ ಕೇಳುತ್ತಿದ್ದಾರೆ. ತುಟಿ ಕಂಡಿದ್ದರೆ ಮಾತು ಊಹಿಸಬಹುದಿತ್ತು, ಬರೀ ಹಣೆ ನೋಡಿ ಓದುವುದು ಬ್ರಹ್ಮನೊಬ್ಬನಿಗೇ ಸಾಧ್ಯ. "ಹೂಂ" ಅಂದೆ. ಗೆರೆಗಳು ಮೇಲೇರಿದವು. ಮತ್ತೆ "ಹೂಂ, ಹೂಂ" ಅಂದೆ. ಮಾಸ್ತರ ಬಗ್ಗಿ ನೋಡಿ ಅವನೂ ಕೈ ಮುಗಿದು ತಲೆ ಆಡಿಸಿದ, ಅವನ ಹಿಂದೆ ವಕೀಲ. ಹಣೆಗೆ ಬಹಳ ಖುಷಿಯಾಯಿತು, ಪರದೆ ತುಂಬ ಬಂತು. ಅವರು ಕೇಳಿದ್ದೇನೆಂದು ಇವತ್ತು ತಿಳಿಯಿತು: "ಬರೋ ಅಮಾಸಿ ಭಜನಿಗಿ ಬಂದು ರಾತ್ರಿಯೆಲ್ಲ ಕುಂದ್ರತೀರೇನು? ಮಾತು ತಪ್ಪಬಾರ್ದು ಮತ್ತ." ಜೊತೆಗೆ ಇನ್ನೊಂದು ವಿಚಾರಣೆಯೂ ಬಂದಿದೆ: ಅಷ್ಟು ಒದರುತ್ತಿದ್ದ ಆ ಹುಡುಗನ ಮನೆಯವರು ಯಾರೂ ಜೊತೆಗೆ ಬಂದಿರಲಿಲ್ಲವೇ?

ಆ ಭಜನೆ ನನಗೆ ಹೊಸದಲ್ಲ. ಹಾಸ್ಟೆಲಿನಲ್ಲಿದ್ದಾಗ ಸಾವಕಾರನ ಜೊತೆ ಹೋಗುತ್ತಿದ್ದೆವು. ಅವನಪ್ಪ ದಮ್ಮಡಿ ಬಾರಿಸುವರು, ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದಗಳು ಬೆಳಗಿನ ತನಕ ನಡೆಯುವವು. ಮೈಕು ಇರಲಿಲ್ಲ. ನಾನು ಗುಡಿಯ ಕಂಬಕ್ಕೆ ಒರಗಿ ಮಲಗುತ್ತಿದ್ದೆ, ಸಾವಕಾರ ಮಲಗುತ್ತಿರಲಿಲ್ಲ. ಹಾಸ್ಟೆಲಿಗೆ ಬಂದು ಅದನ್ನೇ ಟ್ರಂಕಿನ ಮೇಲೆ ಬಡಿಯುವನು. ವಾರ್ಡನ್ ಟ್ರಂಕನ್ನೇ ಎತ್ತಿಕೊಂಡು ಹೋದರು. ಪುಣೆಗೆ ಹೋಗಿ ಡ್ರಮ್ ಕಲಿಯುವೆ ಅನ್ನುತ್ತಿದ್ದ. ಅಪ್ಪ ತೀರಿಕೊಂಡ ವರ್ಷ ಸೋದರಮಾವನ ಮಿಲ್ಲಿನಲ್ಲಿ ಲೆಕ್ಕ ಬರೆಯಲು ಕುಳಿತ, ಆಮೇಲೆ ಆ ಮಾತೇ ಬರಲಿಲ್ಲ. ನಿನ್ನೆ ಉಳಿದವರೆಲ್ಲ ನಿಂತು ಡ್ರಮ್ಮಿನವನೊಬ್ಬನೇ ಬಾರಿಸತೊಡಗಿದಾಗ ತಿರುಗಿ ನೋಡಿದೆ. ಸಾವಕಾರನ ಎರಡೂ ಕೈಬೆರಳು ಕಬ್ಬಿಣದ ಕಟಕಟೆಯ ಮೇಲೆ ಓಡುತ್ತಿದ್ದವು, ಒಂದು ಪೆಟ್ಟೂ ತಪ್ಪದೆ. ಅಷ್ಟು ಹೊತ್ತು ಫೋನ್ ಜೇಬಿನಲ್ಲಿತ್ತು.

ಡ್ರಮ್ ನಿಂತದ್ದೇ ತಡ, ಮತ್ತೆ ತೆಗೆದು ಸೊಲ್ಲಾಪುರದ ಅಕ್ಕನಿಗೆ ಹಚ್ಚಿ ನನ್ನ ಮುಖಕ್ಕೆ ಹಿಡಿದ.

ಹತ್ತು ಗಂಟೆಗೆ ಮೈಕು ಬಂದ್ ಆಯಿತು, ಕಾನೂನು. ಹೊರಗೆ ಬಂದು ನಾಲ್ವರೂ ರಸ್ತೆಯಲ್ಲಿ ನಿಂತು, ಪಕ್ಕದಲ್ಲೇ ಇದ್ದವರನ್ನು ಜೇವರ್ಗಿಯಿಂದ ಕರೆದ ಹಾಗೆ ಮಾತಾಡುತ್ತಿದ್ದೆವು. ಒಂದು ಮನೆಯ ಕಿಟಕಿ ತೆರೆಯಿತು. "ಕುಡದಾರೇನ್ರಿ?" ಎಂದು ಯಾರೋ ಕೇಳಿದರಂತೆ. ಕೇಳಿಸಿದ್ದು ವಕೀಲನಿಗೆ ಮಾತ್ರ, ಅವನು ಅಲ್ಲಿಯೂ ನಿಯಮ ಹೇಳಲು ಹೊರಟ. ಎಳೆದುಕೊಂಡು ಆಟೋ ಹತ್ತಿಸಿದೆವು. ಸೀಟಿನ ಹಿಂದೆ, ಸರಿಯಾಗಿ ನನ್ನ ಬೆನ್ನಿಗೆ, ದೊಡ್ಡ ಸ್ಪೀಕರ್ ಡಬ್ಬಿ. ಆಟೋದ ಹುಡುಗ ಸಣ್ಣ ದನಿಯಲ್ಲಿ ಹಾಡು ಹಚ್ಚಿದ್ದ, ಅದು ನನ್ನ ಪುಣ್ಯ.

ಸಾವಕಾರ ಮುಂದೆ ಬಾಗಿ ಅವನ ಹೆಗಲು ತಟ್ಟಿದ.

"ತಮ್ಮಾ, ಜರಾ ಜೋರ್ ಮಾಡೋ, ಏನೂ ಕೇಳಸವಲ್ದು."