ಪುಕ್ಕಟೆಯ ಟೋಪಿಗಳು

ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದದ್ದು 2006ರ ಆಯುಧಪೂಜೆಯ ಹಿಂದಿನ ದಿನ. ಮಾರನೆಯ ದಿನವೇ ಮಾನಿಟರಿನ ಹಣೆಗೆ ಕುಂಕುಮವೂ ಮೌಸಿನ ಬೆನ್ನಿಗೆ ಅರಿಶಿನವೂ ಬಿದ್ದು, ಸಿಪಿಯು ಪೆಟ್ಟಿಗೆಯ ಮೇಲೆ ಒಂದು ಮೊಳ ಸೇವಂತಿಗೆ ಏರಿತು. ಯಂತ್ರವನ್ನು ಸಿಂಗರಿಸುವ ಕೆಲಸ ಅಷ್ಟಕ್ಕೇ ನಿಂತಿದ್ದರೆ ನಾನು ಈ ಬರಹ ಬರೆಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.

ಹೂವು ಒಣಗುವ ಮೊದಲೇ ತಂಗಿಗೆ ಪರದೆಯ ಮೇಲಿನ ಹಸಿರು ಗುಡ್ಡ ಬೇಸರವಾಯಿತು. ವಿಂಡೋಸ್ ಎಕ್ಸ್‌ಪಿಯ ಜೊತೆಯಲ್ಲೇ ಬರುತ್ತಿದ್ದ ಆ ಗುಡ್ಡ ಕ್ಯಾಲಿಫೋರ್ನಿಯದ ಸೊನೋಮ ಪ್ರಾಂತ್ಯದ್ದು. ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕ 1996ರಲ್ಲಿ ತೆಗೆದ ಚಿತ್ರ. ಚಾಮುಂಡಿ ಬೆಟ್ಟವನ್ನು ಕಿಟಕಿಯಿಂದಲೇ ನೋಡುವ ನಮಗೆ ಈ ಬೋಳು ಗುಡ್ಡದಲ್ಲಿ ಅಂಥ ವಿಶೇಷವೇನೂ ಕಾಣಲಿಲ್ಲ. ಮೇಲಾಗಿ ಬೀದಿಯಲ್ಲಿ ಕಂಪ್ಯೂಟರ್ ಇದ್ದ ಎಲ್ಲ ಮನೆಗಳಲ್ಲೂ ಅದೇ ಗುಡ್ಡವಿತ್ತು. ಪಕ್ಕದ ಮನೆಯವರು ಉಟ್ಟ ಸೀರೆಯನ್ನೇ ತಾನೂ ಉಟ್ಟು ಮದುವೆಗೆ ಹೋದಂತಾಗುತ್ತದೆ ಎಂಬುದು ತಂಗಿಯ ವಾದ. ಹಾಗಾಗಿ ನಾನು ಪುಕ್ಕಟೆ ಅಲಂಕಾರದ ಬೇಟೆಗೆ ಹೊರಟೆ.

ಆ ಕಾಲದಲ್ಲಿ ಪುಕ್ಕಟೆ ತಂತ್ರಾಂಶ ಹಂಚುವ ಪುಟಗಳ ಸ್ವಭಾವವನ್ನು ಬಲ್ಲವರೇ ಬಲ್ಲರು. ಒಂದೇ ಪುಟದಲ್ಲಿ ‘ಡೌನ್‌ಲೋಡ್’ ಎಂದು ಬರೆದ ನಾಲ್ಕು ಹಸಿರು ಗುಂಡಿಗಳು ಹೊಳೆಯುತ್ತಿದ್ದವು, ಮತ್ತು ಆ ನಾಲ್ಕರಲ್ಲಿ ಒಂದೂ ನಮಗೆ ಬೇಕಾದದ್ದಾಗಿರುತ್ತಿರಲಿಲ್ಲ. ಅಪರಿಚಿತ ಊರಿನ ಬಸ್ ನಿಲ್ದಾಣದಲ್ಲಿ ಇಳಿದೊಡನೆ ‘ರೂಮ್ ಬೇಕಾ ಸಾರ್’ ಎಂದು ಮುತ್ತಿಕೊಳ್ಳುವವರಂತೆ ಅವು ಕೈ ಹಿಡಿದು ಎಳೆಯುತ್ತಿದ್ದರೆ, ಅಸಲಿ ಕೊಂಡಿ ಪುಟದ ತಳದಲ್ಲಿ ಸಣ್ಣ ನೀಲಿ ಅಕ್ಷರದಲ್ಲಿ, ಕಂಬಕ್ಕೆ ಒರಗಿ ನಿಂತ ಬಡ ಸಂಬಂಧಿಕನಂತೆ ಸುಮ್ಮನಿರುತ್ತಿತ್ತು. ಇದನ್ನು ಕಂಡುಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ನಾನು ಇಳಿಸಿಕೊಂಡ ಪ್ರತಿಯೊಂದು ವಸ್ತುವೂ ತನ್ನ ಬಂಧುಬಳಗದೊಡನೆ ಬಂದಿತು. ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುವ ಅವಸರದಲ್ಲಿ, ಮೊದಲೇ ಟಿಕ್ ಹಾಕಿಟ್ಟಿದ್ದ ಪುಟ್ಟ ಚೌಕವನ್ನು ಯಾರು ನೋಡುತ್ತಾರೆ? ಬ್ರೌಸರಿನ ನೆತ್ತಿಯ ಮೇಲೆ ಒಂದರ ಕೆಳಗೊಂದು ಟೂಲ್‌ಬಾರುಗಳು ಕುಳಿತವು. ಒಂದು ಹವಾಮಾನ ಹೇಳುತ್ತಿತ್ತು, ಅದೂ ಯಾವುದೋ ಅಮೆರಿಕದ ಊರಿನದು; ಇನ್ನೊಂದು ನಗುಮುಖಗಳನ್ನು ಹಂಚುತ್ತಿತ್ತು; ಮೂರನೆಯದರ ಕೆಲಸವೇನೆಂದು ಇಂದಿಗೂ ತಿಳಿದಿಲ್ಲ. ದಿನಪತ್ರಿಕೆಯನ್ನು ಪರದೆಯಲ್ಲೇ ಓದುವ ಹವ್ಯಾಸಕ್ಕೆ ಆಗಷ್ಟೇ ಬಿದ್ದಿದ್ದ ಅಪ್ಪನಿಗೆ ತಲೆಬರಹ ಮತ್ತು ಅದರ ಕೆಳಗಿನ ಒಂದೂವರೆ ಸಾಲು ಮಾತ್ರ ಕಾಣುವಷ್ಟು ಜಾಗ ಉಳಿಯಿತು.

ತಂಗಿಯ ಕೊಡುಗೆ ಕರ್ಸರ್. ಸಾದಾ ಬಿಳಿ ಬಾಣದ ಬದಲು ಅವಳು ರೆಕ್ಕೆ ಬಡಿಯುವ ಚಿಟ್ಟೆಯೊಂದನ್ನು ತಂದು ಬಿಟ್ಟಳು. ಅದು ಹೋದಲ್ಲೆಲ್ಲ ಹಿಂದೆ ಮಿನುಗು ಉದುರುತ್ತಿತ್ತು. ಬಾಣಕ್ಕೆ ತುದಿಯೆಂಬುದು ಇರುತ್ತದೆ. ಚಿಟ್ಟೆಗೆ ಎಲ್ಲಿಯ ತುದಿ? ಎಡರೆಕ್ಕೆಯೋ, ಮೀಸೆಯೋ, ಹೊಟ್ಟೆಯೋ ಎಂದು ಅಪ್ಪ ಒಂದೊಂದನ್ನೇ ಗುಂಡಿಯ ಮೇಲೆ ತಂದು ಪರೀಕ್ಷಿಸುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ಮನುಷ್ಯ ‘ಓಕೆ’ ಒತ್ತಲಾರದೆ ಚಿಟ್ಟೆಯನ್ನು ಬೆನ್ನಟ್ಟುತ್ತಾ ಕುಳಿತಿದ್ದ ದೃಶ್ಯವನ್ನು ನೆನೆದರೆ ನನಗೆ ಈಗಲೂ ನಗು ಮೊದಲು ಬಂದು, ನಾಚಿಕೆ ಹಿಂದಿನಿಂದ ಬರುತ್ತದೆ.

ಆದರೆ ಮುಖ್ಯ ಅನಾಹುತ ನನ್ನದೇ. ಎಕ್ಸ್‌ಪಿ ತನ್ನ ಜೊತೆಗೆ ನೀಲಿ, ಆಲಿವ್ ಹಸಿರು, ಬೆಳ್ಳಿ ಎಂಬ ಮೂರು ಬಣ್ಣಗಳನ್ನು ತಂದಿತ್ತು. ಅದರಾಚೆಯ ವೇಷ ಹಾಕಬೇಕೆಂದರೆ ಕಂಪನಿಯ ಸಹಿಯಿರುವ ಥೀಮುಗಳನ್ನು ಮಾತ್ರ ಅದು ಒಪ್ಪುತ್ತಿತ್ತು. ಸಹಿಯಿಲ್ಲದವನ್ನೂ ಒಳಗೆ ಬಿಡಬೇಕಾದರೆ ‘ಯುಎಕ್ಸ್‌ಥೀಮ್’ ಎಂಬ ಕಡತವನ್ನು ತಿದ್ದಬೇಕಿತ್ತು. ಎಂದರೆ, ಬಾಗಿಲು ಕಾಯುವವನನ್ನು ಕೆಲಸದಿಂದ ತೆಗೆದು ಅವನಂತೆಯೇ ಕಾಣುವ ಸೋಮಾರಿಯೊಬ್ಬನನ್ನು ಕೂರಿಸಬೇಕಿತ್ತು. ನಾನು ತಂದ ಸೋಮಾರಿ ಬೇರೆ ಸರ್ವೀಸ್ ಪ್ಯಾಕಿನವನು, ಎಂದರೆ ಎಕ್ಸ್‌ಪಿಯ ಬೇರೊಂದು ಆವೃತ್ತಿಗೆ ಸೇರಿದವನು. ರೀಸ್ಟಾರ್ಟ್ ಆದ ಕಂಪ್ಯೂಟರ್ ಸ್ವಾಗತದ ಪರದೆಗೂ ಬರದೆ ಕಪ್ಪಗೆ ಕುಳಿತುಬಿಟ್ಟಿತು. ರಿಪೇರಿಗೆ ಬಂದ ಹುಡುಗ, ‘ಏನಿಲ್ಲ ಸಾರ್, ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ’ ಎಂದು ಮುನ್ನೂರೈವತ್ತು ರೂಪಾಯಿ ಪಡೆದು, ಚಿಟ್ಟೆ, ಟೂಲ್‌ಬಾರುಗಳು, ಅಮೆರಿಕದ ಹವಾಮಾನ ಎಲ್ಲವನ್ನೂ ಒರೆಸಿಹಾಕಿ, ಅದೇ ಹಸಿರು ಗುಡ್ಡವನ್ನು ಮತ್ತೆ ನೆಟ್ಟು ಹೋದ. ಅಪ್ಪ ಅಂದು ರಾತ್ರಿ ಊಟಕ್ಕೆ ಕುಳಿತಾಗ ತೀರ್ಪು ಕೊಟ್ಟರು: ‘ಪುಕ್ಕಟೆ ಕೊಡುವವನು ಟೋಪಿ ಹಾಕಲು ಬಂದವನೇ. ಇನ್ನು ಮೇಲೆ ಬಿಟ್ಟಿ ಸಾಮಾನು ಈ ಮನೆಯೊಳಗೆ ಬರಕೂಡದು.’

ಆ ತೀರ್ಪಿಗೆ ವಿರುದ್ಧವಾಗಿ ನಾನು, ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಉಬುಂಟು ಎಂಬ ಮುಕ್ತ ಕಾರ್ಯವ್ಯವಸ್ಥೆಯ ಹಿಂದೆ ಬಿದ್ದದ್ದು 2008ರಲ್ಲಿ. ಇಂಗ್ಲಿಷಿನವರಿಗೆ ‘ಫ್ರೀ’ ಎಂಬ ಒಂದೇ ಮಾತು ಬಿಟ್ಟಿಗೂ ಬಿಡುಗಡೆಗೂ ಸಲ್ಲುವುದರಿಂದ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಗಳಿಗಾಗಿ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದ ರಿಚರ್ಡ್ ಸ್ಟಾಲ್‌ಮನ್ ಅವರು ಇವೆರಡೂ ಬೇರೆಯೆಂದು ವಿವರಿಸುತ್ತಲೇ ಬಂದಿದ್ದಾರೆ. ಕನ್ನಡದಲ್ಲಿ ಆ ಕಷ್ಟವಿಲ್ಲ. ಪುಕ್ಕಟೆಯೇ ಬೇರೆ, ಮುಕ್ತವೇ ಬೇರೆ. ನಾನು ಇದನ್ನು ಅಪ್ಪನಿಗೆ ಸವಿಸ್ತಾರವಾಗಿ ತಿಳಿಸಿದಾಗ ಅವರು, ‘ಸರಿ, ಮುಕ್ತವಾದದ್ದಕ್ಕೆ ಎಷ್ಟು ಕೊಡಬೇಕು?’ ಎಂದರು. ಏನೂ ಕೊಡಬೇಕಾಗಿಲ್ಲ ಎಂದೆ. ‘ಹಾಗಾದರೆ ಪುಕ್ಕಟೆಯೇ ಆಯಿತಲ್ಲ’ ಎಂದು ಕನ್ನಡಕ ಒರೆಸಿಕೊಂಡರು.

ನಮ್ಮ ಬ್ರಾಡ್‌ಬ್ಯಾಂಡ್ ಯೋಜನೆಯಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಇಳಿಸಿಕೊಂಡದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ. ವೇಗ 256 ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 32 ಕಿಲೋಬೈಟ್, ಇಳಿಸಬೇಕಾದ ಉಬುಂಟು ಸಿ.ಡಿ. ಸುಮಾರು 700 ಎಂಬಿ. ಕಾಗದದ ಮೇಲೆ ಭಾಗಿಸಿ ನೋಡಿದರೆ 6 ಗಂಟೆ 13 ನಿಮಿಷ. ನನಗೆ ದೊರೆತಿದ್ದ ಅವಕಾಶ ಸರಿಯಾಗಿ ಆರು ಗಂಟೆ. ಆ ಹದಿಮೂರು ನಿಮಿಷಗಳು ನನ್ನನ್ನು ಗೋಳಾಡಿಸಿದಷ್ಟು ಪಿ.ಯು.ಸಿ.ಯ ಯಾವ ಪ್ರಶ್ನೆಯೂ ಗೋಳಾಡಿಸಿರಲಿಲ್ಲ. ಮೊದಲ ರಾತ್ರಿ 1.55ಕ್ಕೆ ಅಲಾರಂ ಇಟ್ಟು ಕತ್ತಲಲ್ಲಿ ತಡಕಾಡುತ್ತ ಬಂದವನಿಗೆ ಕಳ್ಳನೆಂದು ಊರುಗೋಲು ಹಿಡಿದ ಅಜ್ಜಿ ಎದುರಾದರು. ಎರಡನೆಯ ರಾತ್ರಿ, ಮಗ ನಡುರಾತ್ರಿ ಎದ್ದು ಓದುತ್ತಿದ್ದಾನೆಂದು ಸಂತೋಷಪಟ್ಟ ಅಮ್ಮ ಹಾರ್ಲಿಕ್ಸ್ ತಂದಿಟ್ಟರು. ಅದನ್ನು ಕುಡಿದ ಪಾಪ ಇನ್ನೂ ತೀರಿಲ್ಲ. ಅಂದು ಬೆಳಿಗ್ಗೆ ಆರಕ್ಕೆ ಕರೆಂಟ್ ಹೋಯಿತು. ನಿಂತಲ್ಲಿಂದಲೇ ಮುಂದುವರಿಸುವ ಡೌನ್‌ಲೋಡ್ ಮ್ಯಾನೇಜರುಗಳು ಸಿಗುತ್ತವೆ ಎಂದು ಸ್ನೇಹಿತ ಹೇಳಿದ. ಅದೂ ಪುಕ್ಕಟೆಯೇ, ಅದರೊಡನೆ ಇನ್ನೊಂದು ಟೂಲ್‌ಬಾರ್ ಬಂದಿತು.

ಕೊನೆಗೆ ಗೊತ್ತಾದದ್ದೇನೆಂದರೆ, ಕೇಳಿದರೆ ಸಾಕು, ಉಬುಂಟು ಸಿ.ಡಿ.ಯನ್ನು ಅದನ್ನು ಹೊರತರುವವರೇ ಅಂಚೆಯಲ್ಲಿ ಕಳುಹಿಸುತ್ತಿದ್ದರು. 2011ರಲ್ಲಿ ನಿಲ್ಲಿಸುವವರೆಗೂ ಈ ಸೇವೆ ಜಗತ್ತಿನಾದ್ಯಂತ ನಡೆಯಿತು. ಕೆಲವು ವಾರಗಳ ನಂತರ ಅಂಚೆಯಣ್ಣ ವಿದೇಶದ ಲಕೋಟೆಯೊಂದನ್ನು ಅಪ್ಪನ ಕೈಗೇ ಕೊಟ್ಟುಬಿಟ್ಟ. ಅಪ್ಪ ಅದನ್ನು ತೂಗಿ, ತಿರುಗಿಸಿ, ಬೆಳಕಿಗೆ ಹಿಡಿದು ಕೇಳಿದರು: ‘ಸಿ.ಡಿ.ಗೂ ದುಡ್ಡಿಲ್ಲ, ಅಂಚೆಗೂ ದುಡ್ಡಿಲ್ಲ. ಹಾಗಾದರೆ ಅವರಿಗೇನು ಗಿಟ್ಟುತ್ತದೆ?’ ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ ಎಂಬ ಶ್ರೀಮಂತರು ಇದರ ಹಿಂದಿದ್ದಾರೆ, ಅವರು ಬಾಹ್ಯಾಕಾಶಕ್ಕೂ ಸ್ವಂತ ಖರ್ಚಿನಲ್ಲಿ ಹೋಗಿಬಂದವರು ಎಂದೆ. ‘ಅಲ್ಲಿಗೆ ಹೋಗಿಬಂದವರು ಹೀಗೆಲ್ಲ ಮಾಡುತ್ತಾರೆ’ ಎಂದು ಅಪ್ಪ ಒಳಗೆ ಹೋದರು.

ಉಬುಂಟು ಬಂದ ಮೇಲಾದರೂ ನಾನು ತೆಪ್ಪಗಿರಬೇಕಿತ್ತು. ಅದರಲ್ಲಿ ಕಾಂಪಿಜ಼್ ಎಂಬ ಮಾಯೆಯೊಂದಿತ್ತು. ಇಡೀ ಪರದೆಯನ್ನು ಘನಾಕೃತಿಯಂತೆ ಗಿರಗಿರನೆ ತಿರುಗಿಸಬಹುದಿತ್ತು, ಕಿಟಕಿಯನ್ನು ಹಿಡಿದೆಳೆದರೆ ಅದು ನೀರಿನಲ್ಲಿ ನೆನೆದ ಹಪ್ಪಳದಂತೆ ಜೋಲಾಡುತ್ತಿತ್ತು. ನಾನು ಎಲ್ಲವನ್ನೂ ಚಾಲೂ ಮಾಡಿಟ್ಟು ಕಾಲೇಜಿಗೆ ಹೋದೆ. ಸಂಜೆ ಬಂದಾಗ ಅಪ್ಪ ಸೋಫಾದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಕಿಟಕಿಗಳು ಅಲ್ಲಾಡುವುದನ್ನು ಕಂಡು, ಬೆಳಗಿನ ಬಿ.ಪಿ. ಮಾತ್ರೆ ಮರೆತೆನೆಂದುಕೊಂಡು ಎರಡನೆಯ ಬಾರಿ ನುಂಗಿದ್ದರು.

ಇದಕ್ಕಿಂತ ದೊಡ್ಡ ಪೆಟ್ಟು ಅಪ್ಪನ ವಂಶಾವಳಿಗೆ ಬಿದ್ದಿತು. ನಿವೃತ್ತಿಯ ನಂತರ ಅವರು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ನಮ್ಮ ಮನೆತನದ ನಲವತ್ತು ಪುಟಗಳ ಇತಿಹಾಸ ಟೈಪು ಮಾಡಿ, ಫಾರ್ಮ್ಯಾಟಿನ ಕೈಗೆ ಸಿಗದಂತೆ ಡಿ ಡ್ರೈವಿನಲ್ಲಿ ಇಟ್ಟಿದ್ದರು. ಅದನ್ನು ಉಬುಂಟುವಿನ ಬರವಣಿಗೆಯ ತಂತ್ರಾಂಶವಾದ ಓಪನ್‌ಆಫೀಸಿನಲ್ಲಿ ತೆರೆದರೆ, ಕನ್ನಡದ ಒಂದಕ್ಷರವೂ ಇಲ್ಲ! ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ‘ಎ’ಗಳು ಸಾಲುಗಟ್ಟಿ ನಿಂತಿದ್ದವು, ನಡುನಡುವೆ ಪೌಂಡ್ ಚಿಹ್ನೆಗಳು ಮಿನುಗುತ್ತಿದ್ದವು. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿರಲಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಸಿ ಹಿಡಿದುಕೊಳ್ಳುವಂತೆ, ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಟವೆಲ್ ಹಾರಿಹೋಗಿ ಸೀಟಿನ ಮೂಲ ಹಕ್ಕುದಾರರು ಎದ್ದು ಕಾಣುತ್ತಾರೆ. ‘ನ’ಕಾರ ಕುಳಿತಿದ್ದದ್ದು ಪೌಂಡಿನ ಸೀಟಿನಲ್ಲಿ. ನಂಜನಗೂಡಿನ ಕಡೆಯವರಾದ ನಮ್ಮ ವಂಶದಲ್ಲಿ ಹುಟ್ಟಿದ ಗಂಡಸರೆಲ್ಲ ನಂಜುಂಡ, ನಾರಾಯಣ, ನರಸಿಂಹ. ಎರಡು ಎಕರೆ ಗದ್ದೆಯನ್ನೂ ಉಳಿಸಿಕೊಳ್ಳಲಾರದ ಮನೆತನದ ಚರಿತ್ರೆ ಲಂಡನ್ನಿನ ಬ್ಯಾಂಕೊಂದರ ಲೆಕ್ಕದ ಪುಸ್ತಕದಂತೆ ತೋರುತ್ತಿತ್ತು. ಅಪ್ಪ ಬಹಳ ಹೊತ್ತು ನೋಡಿ, ‘ನಮ್ಮ ಮುತ್ತಜ್ಜನ ಬಳಿ ಇಷ್ಟೊಂದು ಇತ್ತೆಂದು ಗೊತ್ತಿರಲಿಲ್ಲ’ ಎಂದರು.

ಪರಿಹಾರ ಸುಲಭವಾಗಿತ್ತು. ನುಡಿಯ ಫಾಂಟ್ ಕಡತವನ್ನು ನಕಲು ಮಾಡಿ ಹಾಕಿದೊಡನೆ ಪೂರ್ವಿಕರು ಪೌಂಡುಗಳನ್ನು ಬಿಟ್ಟುಕೊಟ್ಟು ಮರಳಿ ಬಂದರು. ಮುಂದೆ ಎಲ್ಲವನ್ನೂ ಯೂನಿಕೋಡಿಗೆ, ಎಂದರೆ ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸ್ಥಾನ ಕೊಡುವ ಸಂಕೇತ ವ್ಯವಸ್ಥೆಗೆ, ಪರಿವರ್ತಿಸಿದೆ. ಅಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳು ಕಾದಿರಿಸಲ್ಪಟ್ಟಿವೆ, ಟವೆಲ್ ಬೇಕಿಲ್ಲ. ನುಡಿಯಲ್ಲಿದ್ದ, ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ಕೀಲಿಮಣೆ ಉಬುಂಟುವಿನಲ್ಲೂ ಇದ್ದುದರಿಂದ ಅಪ್ಪನ ಬೆರಳುಗಳಿಗೆ ಊರು ಬದಲಾದದ್ದೇ ತಿಳಿಯಲಿಲ್ಲ. ಗುಬ್ಬಿ, ನವಿಲು ಎಂಬ ಹೆಸರಿನ ಮುಕ್ತ ಫಾಂಟುಗಳೂ ದೊರೆತವು. ಅಪ್ಪ ವಂಶಾವಳಿಗೆ ಗುಬ್ಬಿಯನ್ನೇ ಆರಿಸಿಕೊಂಡರು. ನಮ್ಮ ಅಂತಸ್ತಿಗೆ ನವಿಲು ಹೆಚ್ಚಾಯಿತಂತೆ.

ಅಂದಿನಿಂದ ನಾನು ಆ ಕಂಪ್ಯೂಟರಿಗೂ ಅದರ ಉತ್ತರಾಧಿಕಾರಿಗೂ ಯಾವ ಅಲಂಕಾರವನ್ನೂ ಮಾಡಿಲ್ಲ. ಬಾಣ ಬಾಣವಾಗಿಯೇ ಇದೆ. ಅಮ್ಮನಿಗಾಗಿ ಹಾಕಿಕೊಟ್ಟದ್ದು ವಿಎಲ್‌ಸಿ ಒಂದೇ. ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಆರಂಭಿಸಿದ ಆ ಪ್ಲೇಯರಿನ ಗುರುತು, ರಸ್ತೆ ಅಗೆದಲ್ಲಿ ಇಡುವ ಕಿತ್ತಳೆ ಬಣ್ಣದ ಕೋನ. ಅಮ್ಮ ಅದನ್ನು ‘ರಸ್ತೆ ರಿಪೇರಿ’ ಎನ್ನುತ್ತಾರೆ. ರಸ್ತೆ ರಿಪೇರಿ ಒತ್ತಿದರೆ ದೇವರನಾಮ ಬರುತ್ತದೆ ಎಂಬುದು ಅವರ ಕಂಪ್ಯೂಟರ್ ಜ್ಞಾನದ ಆದಿಯೂ ಹೌದು, ಅಂತ್ಯವೂ ಹೌದು.

ನಾನು ಕೆಲಸಕ್ಕೆಂದು ಬೆಂಗಳೂರಿಗೆ ಬಂದ ವರ್ಷ, ಡಿಸೆಂಬರ್ ಕೊನೆಯ ವಾರದ ಒಂದು ಬೆಳಿಗ್ಗೆ ಅಮ್ಮನ ಫೋನ್ ಬಂದಿತು. ದನಿಯಲ್ಲಿ ಗಾಬರಿ.

‘ಏನೋ ಮಾಡಿದ್ದೀಯಾ ಕಂಪ್ಯೂಟರಿಗೆ? ರಸ್ತೆ ರಿಪೇರಿಗೆ ಯಾರೋ ಕೆಂಪು ಟೋಪಿ ಹಾಕಿದ್ದಾರೆ.’

ಪ್ರತಿ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಆ ಕೋನ ತಾನಾಗಿಯೇ ಸಾಂತಾಕ್ಲಾಸನ ಟೋಪಿ ಧರಿಸುತ್ತದೆ, ಅದನ್ನು ಬರೆದವರ ತಮಾಷೆ ಅದು, ಹೊಸ ವರ್ಷ ಬಂದ ಮೇಲೆ ತಾನೇ ತೆಗೆದಿಡುತ್ತದೆ, ನಾನು ಏನನ್ನೂ ಮುಟ್ಟಿಲ್ಲ ಎಂದು ನಾನು ಹೇಳುತ್ತಿದ್ದಂತೆಯೇ, ಹಿಂದಿನಿಂದ ಅಪ್ಪನ ದನಿ ಸ್ಪಷ್ಟವಾಗಿ ಕೇಳಿಸಿತು.

‘ಪುಕ್ಕಟೆ ಕೊಡುವವರು ಟೋಪಿ ಹಾಕುತ್ತಾರೆ ಅಂತ ನಾನು ಅವತ್ತೇ ಹೇಳಿರಲಿಲ್ಲವಾ?’